ಲೂಜ್ ಮೈದಾನಕ್ಕೆ ವಾಪಸ್ ಬಂದ ಹತ್ತನೇ ನಂಬರ್

ಅಣ್ಣ ಟಿವಿಯ ಸೌಂಡನ್ನು ಪೂರ್ತಿ ಇಳಿಸಿಬಿಟ್ಟಿದ್ದ. ಮನೆಯವರೆಲ್ಲ ಮಲಗಿ ಎಷ್ಟೋ ಹೊತ್ತಾಗಿತ್ತು. 2004ರ ಜೂನ್ 24ರ ಪಂದ್ಯ ಅದು. ಯೂರೋ ಕಪ್ ಕ್ವಾರ್ಟರ್ ಫೈನಲ್, ಲಿಸ್ಬನ್ನಿನ ಲೂಜ್ ಸ್ಟೇಡಿಯಂನಲ್ಲಿ ಪೋರ್ಚುಗಲ್ ಮತ್ತು ಇಂಗ್ಲೆಂಡ್. 1-1 ಆಗಿ ಎಕ್ಸ್‌ಟ್ರಾ ಟೈಮ್ ನಡೆಯುತ್ತಿತ್ತು. 110ನೇ ನಿಮಿಷದಲ್ಲಿ ಪೋರ್ಚುಗಲ್‌ನ ಹತ್ತನೇ ನಂಬರ್ ರುಯಿ ಕೋಸ್ಟಾ ಕಾಲಿಗೆ ಬಾಲ್ ಬಂತು. ಸಾಕ್ಸ್ ಯಾವತ್ತಿನಂತೆ ಕೆಳಗೆ ಜಾರಿತ್ತು. ಇಂಗ್ಲೆಂಡಿನ ಫಿಲ್ ನೆವಿಲ್ ಪಕ್ಕದಲ್ಲೇ ಓಡಿದರು, ತಡೆಯೋಕೆ ಆಗಲಿಲ್ಲ. ಪೆನಾಲ್ಟಿ ಬಾಕ್ಸಿನ ಹೊರಗಿಂದಲೇ ರುಯಿ ಹೊಡೆದರು. ಬಾಲ್ ಮೇಲಿನ ಕಂಬಕ್ಕೆ ತಾಗಿ ಒಳಗೆ ಹೋಯಿತು. ನಾವಿಬ್ಬರೂ ಬಾಯಿಗೆ ದಿಂಬು ಒತ್ತಿಕೊಂಡು ಕಿರುಚಿದೆವು.

ಐದೇ ನಿಮಿಷಕ್ಕೆ ಇಂಗ್ಲೆಂಡಿನ ಲ್ಯಾಂಪಾರ್ಡ್ ಸಮ ಮಾಡಿದರು. ಪಂದ್ಯ ಪೆನಾಲ್ಟಿಗೆ ಹೋಯಿತು. ಅಂಥ ಗೋಲು ಹೊಡೆದ ಅದೇ ರುಯಿ ತಮ್ಮ ಪೆನಾಲ್ಟಿಯನ್ನು ಕಂಬದ ಮೇಲಿಂದ ಆಚೆ ಹೊಡೆದರು. ಕೊನೆಗೆ ಪೋರ್ಚುಗಲ್ ಗೋಲ್‌ಕೀಪರ್ ರಿಕಾರ್ಡೊ ಗ್ಲೌಸ್ ಬಿಚ್ಚಿ ಬರಿಗೈಯಲ್ಲಿ ಒಂದು ಹೊಡೆತ ತಡೆದು, ತಾವೇ ಹೋಗಿ ಇನ್ನೊಂದನ್ನು ಹೊಡೆದು ಗೆಲ್ಲಿಸಿದರು. ಮರುದಿನ ಎಲ್ಲರ ಬಾಯಲ್ಲೂ ರಿಕಾರ್ಡೊ. ನನ್ನ ತಲೆಯಲ್ಲಿ ಮಾತ್ರ ಆ ಜಾರಿದ ಸಾಕ್ಸ್.

ಆಮೇಲೆ ಹುಡುಕಿ ಓದಿದಾಗ ಗೊತ್ತಾಯಿತು. 13 ವರ್ಷ ಮೊದಲು, ಇದೇ ಲೂಜ್‌ನಲ್ಲಿ, 1991ರ ಯೂತ್ ವರ್ಲ್ಡ್ ಕಪ್ ಫೈನಲ್‌ನಲ್ಲಿ ಬ್ರೆಜಿಲ್ ವಿರುದ್ಧ ಕೊನೆಯ ಪೆನಾಲ್ಟಿ ಹೊಡೆದು ಕಪ್ ಗೆಲ್ಲಿಸಿದ ಹುಡುಗ ಇದೇ ರುಯಿ. ಆಗ ವಯಸ್ಸು 19. ಒಂದು ಲಕ್ಷಕ್ಕೂ ಜಾಸ್ತಿ ಜನ ನೋಡುತ್ತಿದ್ದರು. ಅದು ಹಳೆಯ ಲೂಜ್. ಅದರ ಪಕ್ಕದಲ್ಲೇ ಕಟ್ಟಿದ ಹೊಸದು 2003ರಲ್ಲಿ ಶುರುವಾಯಿತು. ಲೂಜ್ ಅಂದರೆ ಪೋರ್ಚುಗೀಸಿನಲ್ಲಿ ಬೆಳಕು. ಇದು ಬೆನ್ಫಿಕಾ ಕ್ಲಬ್ಬಿನ ಮನೆ. ರುಯಿ 12 ವರ್ಷ ಇಟಲಿಯಲ್ಲಿ ಆಡಿದರೂ, ಅವರ ಬದುಕಿನ ದೊಡ್ಡ ಘಳಿಗೆಗಳು ಮತ್ತೆ ಮತ್ತೆ ಇಲ್ಲಿಗೇ ಬಂದು ನಿಲ್ಲುತ್ತವೆ. ನನಗೆ ಅವರ ಕಥೆ ಇಷ್ಟವಾಗೋದೇ ಅದಕ್ಕೆ.

ಬೆಳೆದದ್ದು ಲಿಸ್ಬನ್ ಮಗ್ಗುಲಿನ ಅಮಡೋರಾದಲ್ಲಿ. ಬೆನ್ಫಿಕಾ ಟ್ರಯಲ್ಸ್‌ಗೆ ಬಂದ ಪುಟ್ಟ ಹುಡುಗನನ್ನು ಹತ್ತು ನಿಮಿಷ ನೋಡಿಯೇ ಕ್ಲಬ್ಬಿನ ಹಳೆಯ ದಿಗ್ಗಜ ಯುಸೇಬಿಯೊ ಒಪ್ಪಿಬಿಟ್ಟರಂತೆ. ಒಂದು ವರ್ಷ ಫಾಫೆ ಅನ್ನೋ ಚಿಕ್ಕ ಕ್ಲಬ್ಬಿಗೆ ಲೋನ್, ಆಮೇಲೆ ಮೂರು ವರ್ಷ ಬೆನ್ಫಿಕಾ ಮೊದಲ ತಂಡ. 1994ರಲ್ಲಿ ಲೀಗ್ ಗೆದ್ದರು. ಅದೇ ಬೇಸಿಗೆಯಲ್ಲಿ ಕ್ಲಬ್ ಅವರನ್ನು ಇಟಲಿಯ ಫ್ಲಾರೆನ್ಸ್ ಊರಿನ ಕ್ಲಬ್ ಫಿಯೊರೆಂಟಿನಾಗೆ ಮಾರಿತು.

ಫ್ಲಾರೆನ್ಸಿನ ಆ ಏಳು ವರ್ಷಗಳ ಬಗ್ಗೆ ನಾನು ಎಷ್ಟು ಬೇಕಾದರೂ ಮಾತಾಡಬಲ್ಲೆ. ನೇರಳೆ ಜರ್ಸಿ, ಬೆನ್ನ ಮೇಲೆ 10, ಮುಂದೆ ಗೋಲು ಹೊಡೆಯೋಕೆ ಸ್ಟ್ರೈಕರ್ ಬಟಿಸ್ಟುಟಾ. ಹಳೆಯ ವಿಡಿಯೋ ಹಾಕಿಕೊಂಡಾಗ ನಾನು ಗೋಲು ನೋಡೋದಿಲ್ಲ, ಅದಕ್ಕೆ ಮೂರು ಸೆಕೆಂಡ್ ಹಿಂದಕ್ಕೆ ಹೋಗುತ್ತೇನೆ. ರುಯಿ ಬಾಲ್ ತಗೊಂಡು ತಿರುಗುತ್ತಾರೆ. ತಲೆ ಮೇಲೆ, ಕಣ್ಣು ದೂರದಲ್ಲಿ. ಬಾಲ್ ಕಾಲಿನ ಹತ್ತಿರವೇ ಇರುತ್ತದೆ, ಅದನ್ನು ನೋಡಿಕೊಳ್ಳೋ ಅಗತ್ಯವೇ ಇಲ್ಲ ಅನ್ನೋ ಹಾಗೆ. ಆಮೇಲೆ ಒಂದು ಅರೆಗಳಿಗೆ ಸುಮ್ನೆ ತಡೆಯುತ್ತಾರೆ. ಡಿಫೆಂಡರ್‌ಗೆ ಆ ತಡೆಯೋದೇ ಕಷ್ಟ. ಮುಂದೆ ಬರಬೇಕೋ ಹಿಂದೆ ಸರಿಯಬೇಕೋ ತಿಳಿಯೋದಿಲ್ಲ. ಅಷ್ಟರಲ್ಲಿ ಬಟಿಸ್ಟುಟಾ ಓಡೋಕೆ ಶುರು ಮಾಡಿರುತ್ತಾರೆ. ಬಾಲ್ ಇಬ್ಬರು ಡಿಫೆಂಡರ್‌ಗಳ ನಡುವೆ ನುಸುಳಿ, ಅವರು ಹೊಡೆಯೋಕೆ ಸರಿಯಾದ ಜಾಗಕ್ಕೇ ಬಂದು ಬೀಳುತ್ತದೆ. ಹೊಡೆಯೋ ಕೆಲಸ ಅವರದ್ದು. ಆದರೆ ಆ ದಾರಿ ಮೊದಲು ಕಂಡಿದ್ದು ಯಾರಿಗೆ, ಅಲ್ವಾ?

ಎರಡು ಸಲ ಇಟಲಿಯ ನಾಕ್‌ಔಟ್ ಕಪ್ ಕೊಪ್ಪಾ ಇಟಾಲಿಯಾ ಗೆದ್ದರು, 1996ರಲ್ಲಿ ಮತ್ತು 2001ರಲ್ಲಿ. ಲೀಗ್ ಮಾತ್ರ ಕೈಗೆ ಸಿಗಲಿಲ್ಲ. 1998-99ರಲ್ಲಿ ಟ್ರಪಟ್ಟೋನಿ ಕೋಚ್ ಆಗಿದ್ದಾಗ ಚಳಿಗಾಲದವರೆಗೂ ಮೇಲೆಯೇ ಇದ್ದರು. ಫೆಬ್ರವರಿಯಲ್ಲಿ ಬಟಿಸ್ಟುಟಾ ಗಾಯಗೊಂಡರು. ಅದೇ ಹೊತ್ತಿಗೆ ಇನ್ನೊಬ್ಬ ಸ್ಟ್ರೈಕರ್, ಬ್ರೆಜಿಲ್‌ನ ಎಡ್ಮುಂಡೊ, ಕಾರ್ನಿವಲ್ ಅಂತ ರಿಯೊಗೆ ಹೊರಟುಬಿಟ್ಟರು. ತಂಡ ಮೂರನೇ ಸ್ಥಾನಕ್ಕೆ ಇಳಿಯಿತು. ಆ ಸೀಸನ್ ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

1996ರಲ್ಲಿ ಫಿಯೊರೆಂಟಿನಾ ಲೂಜ್‌ಗೆ ಒಂದು ಸ್ನೇಹ ಪಂದ್ಯಕ್ಕೆ ಬಂದಿತ್ತು. ರುಯಿ ಬೆನ್ಫಿಕಾ ಮೇಲೆ ಗೋಲು ಹೊಡೆದರು. ಹೊಡೆದು ಅತ್ತರು. ಸುಮ್ನೆ ಕಣ್ಣು ಒದ್ದೆ ಆಗಿದ್ದಲ್ಲ, ಮುಖ ಮುಚ್ಚಿಕೊಳ್ಳೋ ಅಷ್ಟು ಅಳು. ಪಾಯಿಂಟ್ ಇಲ್ಲ, ಕಪ್ ಇಲ್ಲ, ಬರೀ ಸ್ನೇಹ ಪಂದ್ಯ. ಅಮ್ಮನ ಮನೆಗೆ ಹೋಗಿ ಅಮ್ಮನ ಮೇಲೆಯೇ ದನಿ ಎತ್ತಿದ ಹಾಗೆ ಅನ್ನಿಸಿತ್ತೇನೋ.

ಇನ್ನೊಂದು ಅಳು 1997ರ ಸೆಪ್ಟೆಂಬರ್‌ನಲ್ಲಿ, ಬರ್ಲಿನ್ನಿನಲ್ಲಿ. ವಿಶ್ವಕಪ್ ಅರ್ಹತಾ ಪಂದ್ಯ, ಜರ್ಮನಿ ಎದುರು ಪೋರ್ಚುಗಲ್ 1-0 ಮುಂದಿತ್ತು. ಕೋಚ್ ರುಯಿಯನ್ನು ಹೊರಗೆ ಕರೆದರು. ಅವರು ನಡೆದು ಬರುತ್ತಿದ್ದರು. ನಿಧಾನ ಮಾಡಿದರು ಅಂತ ಫ್ರಾನ್ಸಿನ ರೆಫ್ರಿ ಎರಡನೇ ಹಳದಿ ಕಾರ್ಡ್ ತೋರಿಸಿದರು. ಹೊರಗೆ ಹೋಗುತ್ತಿರೋ ಆಟಗಾರನಿಗೇ ರೆಡ್ ಕಾರ್ಡ್! ಬದಲಿ ಆಟಗಾರ ಒಳಗೆ ಬರೋ ಹಾಗಿಲ್ಲ, ತಂಡ ಹತ್ತು ಜನಕ್ಕೆ ಇಳಿಯಿತು. ಜರ್ಮನಿಯ ಕಿರ್ಸ್ಟನ್ ಗೋಲು ಹೊಡೆದು 1-1. ಪೋರ್ಚುಗಲ್ ಗುಂಪಿನಲ್ಲಿ ಮೂರನೆಯದಾಗಿ 1998ರ ವಿಶ್ವಕಪ್ ತಪ್ಪಿಸಿಕೊಂಡಿತು. ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ. ಅಂಥ ಆಟಗಾರ 26ನೇ ವಯಸ್ಸಿನಲ್ಲಿ, ಆಟ ತುದಿಯಲ್ಲಿದ್ದಾಗ, ವಿಶ್ವಕಪ್ ಆಡಬೇಕಿತ್ತು.

2001ರಲ್ಲಿ ಫಿಯೊರೆಂಟಿನಾ ಸಾಲದಲ್ಲಿ ಮುಳುಗಿತ್ತು. ರುಯಿಯನ್ನು 8,500 ಕೋಟಿ ಲೀರಾಗೆ ಮಿಲಾನ್‌ಗೆ ಮಾರಿದರು. ಆ ದುಡ್ಡೂ ಕ್ಲಬ್ಬನ್ನು ಉಳಿಸಲಿಲ್ಲ. ಮರುವರ್ಷವೇ ದಿವಾಳಿ ಆಗಿ ನಾಲ್ಕನೇ ದರ್ಜೆಯಿಂದ ಮತ್ತೆ ಶುರು ಮಾಡಬೇಕಾಯಿತು.

ಮಿಲಾನ್‌ನಲ್ಲಿ ದೊಡ್ಡ ಕಪ್ಪುಗಳು ಬಂದವು. 2003ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಯುವೆಂಟಸ್ ವಿರುದ್ಧ ಚಾಂಪಿಯನ್ಸ್ ಲೀಗ್, 2004ರಲ್ಲಿ ಇಟಲಿಯ ಲೀಗ್ ಸೀರಿ ಎ. ಗೋಲು ಮಾತ್ರ ತೀರಾ ಕಡಿಮೆ. ಹಾಗಾಗಿ ಮಿಲಾನ್ ವರ್ಷಗಳನ್ನು ಸೋಲು ಅನ್ನೋರು ಇದ್ದಾರೆ. ನಾನು ಒಪ್ಪೋದಿಲ್ಲ. 2003ರಲ್ಲಿ ಬ್ರೆಜಿಲ್‌ನಿಂದ ಕಾಕಾ ಬಂದರು. ವಯಸ್ಸು 21, ಆಡೋದು ರುಯಿ ಆಡೋ ಜಾಗದಲ್ಲೇ. ಕೆಲವೇ ತಿಂಗಳಲ್ಲಿ ಆ ಜಾಗ ಕಾಕಾದಾಯಿತು. ರುಯಿ ಬೆಂಚಿನಲ್ಲಿ ಕೂತರು, ಕರೆದಾಗ ಬಂದು ಆಡಿದರು, ಮೂರು ವರ್ಷ. ಕಾಕಾ ಅಂಥ ಆಟಗಾರ 22ನೇ ನಂಬರ್ ಹಾಕಿಕೊಂಡೇ ಆಡಿದರು, ಏಕೆಂದರೆ 10 ರುಯಿ ಬೆನ್ನ ಮೇಲಿತ್ತು. 2005ರ ಇಸ್ತಾಂಬುಲ್ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ರುಯಿ ಒಳಗೆ ಬಂದದ್ದು 112ನೇ ನಿಮಿಷಕ್ಕೆ. ಮಿಲಾನ್ 3-0 ಮುಂದಿದ್ದ ಪಂದ್ಯ ಆಗಲೇ 3-3 ಆಗಿತ್ತು.

ಅದೇ ವರ್ಷ ಏಪ್ರಿಲ್ 12ರ ಒಂದು ಫೋಟೋ ನನ್ನ ಮೇಜಿನ ಎದುರು ಅಂಟಿಸಿದೆ. ಮಿಲಾನ್–ಇಂಟರ್ ಚಾಂಪಿಯನ್ಸ್ ಲೀಗ್ ಪಂದ್ಯ. ಇಂಟರ್ ಅಭಿಮಾನಿಗಳು ಉರಿಯುವ ಫ್ಲೇರ್ ಎಸೆದು, ಅದರಲ್ಲಿ ಒಂದು ಮಿಲಾನ್ ಗೋಲ್‌ಕೀಪರ್ ದೀದಾಗೆ ತಾಗಿ ಆಟ ನಿಂತಿದೆ. ಕೆಂಪು ಬೆಳಕು, ಹೊಗೆ. ಇಂಟರ್‌ನ ಎತ್ತರದ ಮಾತೆರಾಜಿ, ರುಯಿ ಹೆಗಲ ಮೇಲೆ ಮೊಣಕೈ ಊರಿ ನಿಂತಿದ್ದಾರೆ. ಎದುರಾಳಿ ತಂಡದವನ ತೋಳು ಇದೆ ಅಂತ ರುಯಿಗೆ ಮುಜುಗರವೇ ಇಲ್ಲ. ಇಬ್ಬರೂ ಬೆಂಕಿಯ ಕಡೆ ನೋಡುತ್ತಿದ್ದಾರೆ. ಜಗತ್ತೆಲ್ಲ ಹಂಚಿಕೊಂಡ ಚಿತ್ರ ಅದು. ಕೆಲಸ ಮಾಡುತ್ತಾ ತಲೆ ಎತ್ತಿದಾಗೆಲ್ಲ ನನ್ನ ಕಣ್ಣು ಆ ಹೆಗಲ ಮೇಲೆ ಹೋಗುತ್ತದೆ.

2004ಕ್ಕೆ ವಾಪಸ್ ಬರುತ್ತೇನೆ. ಮೊದಲ ಪಂದ್ಯದಲ್ಲಿ ಗ್ರೀಸ್ ವಿರುದ್ಧ ಸೋತ ಮೇಲೆ ಕೋಚ್ ಸ್ಕೊಲಾರಿ ರುಯಿ ಜಾಗಕ್ಕೆ ಡೆಕೊ ಅವರನ್ನು ತಂದರು. ಸ್ವಂತ ದೇಶದಲ್ಲಿ, ಸ್ವಂತ ಮೈದಾನದಲ್ಲಿ ಬದಲಿ ಆಟಗಾರ! ಆದರೂ ಬೆಂಚಿಂದ ಎದ್ದು ಬಂದು ರಷ್ಯಾ ವಿರುದ್ಧ ಒಂದು, ಇಂಗ್ಲೆಂಡ್ ವಿರುದ್ಧ ಒಂದು, ಎರಡೂ ಲೂಜ್‌ನಲ್ಲೇ. ಜುಲೈ 4ರಂದು ಅಲ್ಲೇ ಫೈನಲ್, ಮತ್ತೆ ಗ್ರೀಸ್, 1-0 ಸೋಲು. ಪೋರ್ಚುಗಲ್ ಜರ್ಸಿಯಲ್ಲಿ ಅದೇ ಅವರ 94ನೇ ಮತ್ತು ಕೊನೆಯ ಪಂದ್ಯ. ಅವತ್ತು ಅಣ್ಣ ಟಿವಿ ಆರಿಸಿ, ಒಂದು ಮಾತೂ ಆಡದೆ ಮಲಗಲು ಹೋದ.

ಒಂದಲ್ಲ ಒಂದು ದಿನ ಬೆನ್ಫಿಕಾಗೆ ವಾಪಸ್ ಬರುತ್ತೇನೆ ಅಂತ ಅವರು ಮೊದಲಿಂದಲೂ ಹೇಳುತ್ತಿದ್ದರು. 2006ರಲ್ಲಿ ಮಿಲಾನ್‌ನ ದೊಡ್ಡ ಸಂಬಳ ಬಿಟ್ಟು, 34ನೇ ವಯಸ್ಸಿನಲ್ಲಿ ಬಂದೇಬಿಟ್ಟರು. ಮರುವರ್ಷ ಚಾಂಪಿಯನ್ಸ್ ಲೀಗ್‌ನಲ್ಲಿ ಬೆನ್ಫಿಕಾ ಜೊತೆ ಮಿಲಾನ್‌ನ ಮೈದಾನ ಸ್ಯಾನ್ ಸಿರೊಗೆ ಆಡಲು ಹೋದಾಗ ಮಿಲಾನ್ ಜನ ಅವರಿಗೆ ಚಪ್ಪಾಳೆ ತಟ್ಟಿದರು.

2008ರ ಮೇ 11ರಂದು ಲೂಜ್‌ನಲ್ಲಿ ಸೆತುಬಾಲ್ ವಿರುದ್ಧ ಕೊನೆಯ ಪಂದ್ಯ, 3-0 ಗೆಲುವು. ಆಟ ಬಿಟ್ಟ ಕೂಡಲೇ ಅದೇ ಕ್ಲಬ್ಬಿನ ಆಡಳಿತಕ್ಕೆ ಸೇರಿದರು, 2021ರಲ್ಲಿ ಅಧ್ಯಕ್ಷರೂ ಆದರು. ಆ ಕೊನೆಯ ಪಂದ್ಯದ ಹೊತ್ತಿಗೆ ಅಣ್ಣ ಬೇರೆ ಊರಿನಲ್ಲಿದ್ದ. ವಿದಾಯದ ವಿಡಿಯೋ ಸಿಕ್ಕಿದ ರಾತ್ರಿ ಫೋನ್ ಮಾಡಿ, ನೋಡಿದೆಯಾ ಅಂತ ಕೇಳಿದೆ. ನೋಡಿದೆ ಅಂದ, ಸೌಂಡ್ ಪೂರ್ತಿ ಏರಿಸಿ.