ಪ್ರಾರ್ಥನೆಗೆ ಕೂತರೆ ಏನೂ ಅನ್ನಿಸಲ್ಲ, ನಾನು ನಾಟಕ ಮಾಡ್ತಿದ್ದೀನಾ?

ನಮ್ಮ ಚರ್ಚಿನಲ್ಲಿ ದೃಢೀಕರಣದ (ಹುಡುಗರು ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಳ್ಳುವ ವಿಧಿ) ತರಗತಿ ನಡೆಸಲು ಶುರುಮಾಡಿ ಹನ್ನೊಂದು ವರ್ಷವಾಯಿತು. ತರಗತಿಯಲ್ಲಿ ಹುಡುಗರು ಕೇಳುವುದು ನೋಹನ ಹಡಗಿನ ಅಳತೆ, ಡೈನೋಸಾರ್, ಇಂಥವೇ. ನಿಜವಾದ ಪ್ರಶ್ನೆ ಬರುವುದು ಆಮೇಲೆ, ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ. "ಅಣ್ಣಾ, ದೇವರು ಬೇಕು ಅನ್ನಿಸುತ್ತೆ. ಆದರೆ ಪ್ರಾರ್ಥನೆಗೆ ಕೂತರೆ ಏನೂ ಅನ್ನಿಸಲ್ಲ. ಸುಮ್ನೆ ನಾಟಕ ಮಾಡ್ತಿದ್ದೀನಾ?" ದೊಡ್ಡವರೂ ಇದನ್ನೇ ಕೇಳುತ್ತಾರೆ, ಸ್ವಲ್ಪ ಸುತ್ತಿ ಬಳಸಿ.

ನಮ್ಮ ಮನೆಯ ಗೋಡೆಯಲ್ಲಿ ವರ್ಷವರ್ಷವೂ ಬೈಬಲ್ ವಾಕ್ಯದ ಕ್ಯಾಲೆಂಡರ್ ಇರುತ್ತದೆ. ಒಂದಲ್ಲ ಒಂದು ತಿಂಗಳಿಗೆ 42ನೇ ಕೀರ್ತನೆ, ಅಂದರೆ ಬೈಬಲಿನ ಪ್ರಾರ್ಥನೆಯ ಹಾಡುಗಳಲ್ಲಿ ಒಂದು, ಬಂದೇ ಬರುತ್ತದೆ. ಬಾಯಾರಿದ ಜಿಂಕೆ ತೊರೆಯ ನೀರಿಗೆ ಹಂಬಲಿಸುವ ಹಾಗೆ ನನ್ನ ಮನಸ್ಸು ದೇವರಿಗಾಗಿ ಹಂಬಲಿಸುತ್ತದೆ ಅನ್ನುವ ಮಾತು. ಮೇಲೊಂದು ಚಿತ್ರ: ಹಸಿರು ಕಾಡು, ತಿಳಿನೀರು, ಕತ್ತು ಬಗ್ಗಿಸಿ ಹಾಯಾಗಿ ಕುಡಿಯುತ್ತಿರುವ ಜಿಂಕೆ. ಚಿತ್ರ ಹಾಕಿದವರು ಕೀರ್ತನೆಯನ್ನು ಪೂರ್ತಿ ಓದಿಲ್ಲ ಅಂತ ನನಗೆ ಅನುಮಾನ. ಅಲ್ಲಿನ ಜಿಂಕೆಗೆ ನೀರು ಸಿಕ್ಕೇ ಇಲ್ಲ. ಹಾಡುವವನು ಯೆರೂಸಲೇಮಿನ ದೇವಾಲಯದಿಂದ ಬಹಳ ದೂರ, ಹೆರ್ಮೋನ್ ಬೆಟ್ಟದ ಸೀಮೆಯಲ್ಲಿದ್ದಾನೆ. ಹಿಂದೆ ಜನರನ್ನು ಕಟ್ಟಿಕೊಂಡು ಹಬ್ಬಕ್ಕೆ ಹೋಗುತ್ತಿದ್ದದ್ದು ನೆನಪಾಗುತ್ತದೆ. ಹಗಲೂ ರಾತ್ರಿ ಕಣ್ಣೀರೇ ಊಟ. 'ನಿನ್ನ ದೇವರು ಎಲ್ಲಿ' ಅಂತ ಸುತ್ತಲಿನವರು ಚುಚ್ಚುತ್ತಾರೆ. ನಡುವೆ ನೀರು ಬರುತ್ತದೆ ನಿಜ, ಆದರೆ ಕುಡಿಯುವ ನೀರಲ್ಲ, ತಲೆಯ ಮೇಲೆ ಹಾದುಹೋಗುವ ತೆರೆ. ಹನ್ನೊಂದು ವಚನ ಮುಗಿದರೂ ಅವನು ಇನ್ನೂ ಕಾಯುತ್ತಲೇ ಇರುತ್ತಾನೆ. ಆದರೂ ಯಾರೂ ಇದನ್ನು ನಂಬಿಕೆಯಿಲ್ಲದವನ ಹಾಡು ಅಂತ ಬೈಬಲಿನಿಂದ ಕಿತ್ತುಹಾಕಲಿಲ್ಲ, ಅಲ್ವಾ?

ಹುಡುಗರಿಗೆ ನಾನು ಮದರ್ ತೆರೇಸಾ ಕತೆಯನ್ನೂ ಹೇಳುತ್ತೇನೆ. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ ಆಕೆಗೆ ಯೇಸುವಿನ ಕರೆ ಬಂತು, ಬಡವರ ಮಧ್ಯೆ ಹೋಗಿ ಇರು ಅಂತ. 1948ರಲ್ಲಿ ಕಾನ್ವೆಂಟ್ ಬಿಟ್ಟು ಕಲ್ಕತ್ತಾದ ಬೀದಿಗೆ ಬಂದರು. 1950ರಲ್ಲಿ ಅವರ ಸಂಸ್ಥೆ ಶುರುವಾಯಿತು. ಸರಿಸುಮಾರು ಅದೇ ಹೊತ್ತಿಗೆ ದೇವರು ಹತ್ತಿರ ಇದ್ದಾನೆ ಅನ್ನುವ ಅನುಭವ ನಿಂತುಹೋಯಿತು. 1958ರಲ್ಲಿ ಕೆಲವು ವಾರ ಸ್ವಲ್ಪ ಬೆಳಕು ಕಂಡಿತು, ಮತ್ತೆ ಕತ್ತಲೆ. 1997ರಲ್ಲಿ ಸಾಯುವವರೆಗೂ ಹಾಗೇ. ಈ ಸಂಕಟವನ್ನು ಗುರುಗಳಿಗೆ ಪತ್ರದಲ್ಲಿ ತೋಡಿಕೊಂಡಿದ್ದರು, ಅವನ್ನು ನಾಶ ಮಾಡಿಬಿಡಿ ಅಂತಲೂ ಕೇಳಿದ್ದರು. ಪತ್ರಗಳು 2007ರಲ್ಲಿ ಅಚ್ಚಾದವು. ಆಗ ಕೆಲವರು ಅಂದದ್ದು ಇದನ್ನೇ: ಹಾಗಾದರೆ ಎಲ್ಲ ನಾಟಕವಾ? (ಅವರ ಕೆಲಸದ ಬಗ್ಗೆ ಬೇರೆ ಟೀಕೆಗಳೂ ಇವೆ. ಅದು ಇನ್ನೊಂದು ದಿನದ ಮಾತು.) ನನಗೆ ಹಾಗನ್ನಿಸುವುದಿಲ್ಲ. ನಾಟಕ ಮಾಡುವವರಿಗೆ ದೇವರು ಸಿಗಲಿಲ್ಲ ಅಂತ ಅಷ್ಟು ನೋವಾಗುವುದಿಲ್ಲ. ಆ ಸಂಸ್ಥೆಯ ಪ್ರಾರ್ಥನಾ ಕೋಣೆಗಳಲ್ಲಿ ಶಿಲುಬೆಯ ಪಕ್ಕ ಯೇಸು ಸಾಯುವ ಮುಂಚೆ ಹೇಳಿದ ಮಾತನ್ನು ಬರೆದಿರುತ್ತಾರೆ: ನನಗೆ ನೀರಡಿಕೆಯಾಗಿದೆ. ಬಾಯಾರಿಕೆ ನಮ್ಮೊಬ್ಬರದೇ ಅಲ್ಲ ಅಂತ ಆಕೆ ನಂಬಿದ್ದರು.

ಹಾಗಾದರೆ ಅನುಭವ ಬರುವ ತನಕ ಮಾಡುವುದೇನು? ಲೂಕನ ಸುವಾರ್ತೆಯ 9ನೇ ಅಧ್ಯಾಯದ ಕೊನೆಯಲ್ಲಿ ಮೂವರು ಬರುತ್ತಾರೆ. ಒಬ್ಬ ಎಲ್ಲಿಗಾದರೂ ಹಿಂಬಾಲಿಸುತ್ತೇನೆ ಅನ್ನುತ್ತಾನೆ. ನರಿಗಳಿಗೆ ಗುದ್ದುಗಳಿವೆ, ನನಗೆ ತಲೆಯಿಡಲೂ ಜಾಗವಿಲ್ಲ ಅಂತ ಯೇಸು ಅವನಿಗೆ ಹೇಳುತ್ತಾನೆ. ಇನ್ನೊಬ್ಬ ಅಪ್ಪನನ್ನು ಮಣ್ಣು ಮಾಡಿ ಬರುತ್ತೇನೆ ಅನ್ನುತ್ತಾನೆ. ಸತ್ತವರೇ ತಮ್ಮ ಸತ್ತವರನ್ನು ಮಣ್ಣು ಮಾಡಲಿ ಅಂತ ಅವನಿಗೆ ಸಿಕ್ಕ ಉತ್ತರ ನನಗೆ ಇವತ್ತಿಗೂ ಗಂಟಲಿಗಿಳಿದಿಲ್ಲ. ನಮ್ಮಪ್ಪ ಹೋದ ಮೇಲಂತೂ ಆ ವಚನ ಬಂದರೆ ಬೇರೆಯವರಿಗೆ ಓದಲು ಕೊಡುತ್ತೇನೆ. ಮೂರನೆಯವನಿಗೆ ಹೇಳಿದ್ದು ನೇಗಿಲಿನ ಮಾತು: ಕೈಯಿಟ್ಟ ಮೇಲೆ ಹಿಂದೆ ನೋಡಬೇಡ.

ಅದು ಮಾತ್ರ ನನಗೆ ಚೆನ್ನಾಗಿ ಗೊತ್ತು. ಚಿಕ್ಕವನಿದ್ದಾಗ ದೊಡ್ಡಪ್ಪ ಒಮ್ಮೆ ನೇಗಿಲು ಹಿಡಿಯಲು ಕೊಟ್ಟರು. ಬದುವಿನ ಮೇಲೆ ನಿಂತಿದ್ದ ತಂಗಿಗೆ ತೋರಿಸೋಣ ಅಂತ ತಿರುಗಿದೆ. ಅಷ್ಟರಲ್ಲೇ ಸಾಲು ಸೊಟ್ಟಗಾಗಿತ್ತು. ದೊಡ್ಡಪ್ಪ ನನ್ನನ್ನು ಬೈಯಲಿಲ್ಲ. ಓಡಿ ಬಂದು ಎತ್ತಿನ ಕಾಲು ನೋಡಿದರು, ನೇಗಿಲಿನ ಕುಳ ತಾಗಿತೇನೋ ಅಂತ. ಅದು ಮಾಗಿ ಉಳುಮೆ, ಮಳೆ ಬರುವ ಎಷ್ಟೋ ಮುಂಚೆಯೇ ನೆಲ ಉತ್ತಿಡುವುದು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷ ನನಗೂ ಪ್ರಾರ್ಥನೆ ಬರೀ ಬಾಯಿಮಾತಾಗಿತ್ತು. ಆಗ ನನ್ನ ಪಾಲಿಗೆ ಉಳಿದಿದ್ದ ಕೆಲಸ ಒಂದೇ. ಗುರುವಾರ ಸಂಜೆ ನಮ್ಮ ಓಣಿಯ ಕಣ್ಣು ಕಾಣದ ಅಜ್ಜಿಯೊಬ್ಬರಿಗೆ ಕೀರ್ತನೆ ಓದಿ ಬರುವುದು. ವಾರಕ್ಕೊಂದು, ಕ್ರಮವಾಗಿ. ಓದಬೇಕಾದದ್ದು ಅವರ ಬೈಬಲಿನಿಂದಲೇ, ಮೊಬೈಲು ನಡೆಯುತ್ತಿರಲಿಲ್ಲ. ಒಂದು ಗುರುವಾರ ಕರೆಂಟ್ ಇರಲಿಲ್ಲ. ಟಾರ್ಚ್ ಹಿಡಿದುಕೊಂಡೇ ಹೇಳಿಬಿಟ್ಟೆ: "ಅಜ್ಜಿ, ಈಗೀಗ ಓದಿದರೆ ನನಗೆ ಏನೂ ಅನ್ನಿಸಲ್ಲ."

"ನಿನಗ ಏನ್ ಅನಸ್ತದ ಅಂತ ನಾ ಕೇಳಿದ್ನೇನೋ ತಮ್ಮಾ? ನನಗ ಕಣ್ಣ ಕಾಣಂಗಿಲ್ಲ. ನೀ ಓದು."

ಅವತ್ತಿನದು 88ನೆಯದು. ಕೊನೆಯ ಸಾಲಿನವರೆಗೂ ಕತ್ತಲೆಯೇ ಇರುವ ಕೀರ್ತನೆ. ಓದಿ ಮುಗಿಸಿ ಬೈಬಲನ್ನು ಬಟ್ಟೆಯಲ್ಲಿ ಸುತ್ತಿಟ್ಟೆ. ಬಾಗಿಲ ತನಕ ಬಂದ ಮೇಲೆ ಒಳಗಿನಿಂದ ಕೂಗಿದರು: "ಮುಂದಿನ ವಾರ 89 ಐತಿ, ಭಾಳ ಉದ್ದ. ಲಗೂ ಬಾ."