ನಿದ್ದೆ ಕಡಿಮೆ ಮಾಡಿ ಓಡುವುದು

12 ಜನವರಿ 2025, ಭಾನುವಾರ

ಬೆಳಿಗ್ಗೆ ಓಡುವುದಕ್ಕಾಗಿ ನಿದ್ದೆಯಲ್ಲಿ ಒಂದೂವರೆ ಗಂಟೆ ಕಡಿಮೆ ಮಾಡಿಕೊಂಡರೆ ತೂಕ ಬೇಗ ಇಳಿಯುತ್ತದೆಯೇ ಎಂದು ತಮ್ಮ ಕೇಳಿದ್ದಾನೆ. ಅವನಿಗೆ ಉತ್ತರಿಸುವ ಮೊದಲು ನನಗೆ ತಿಳಿದಿರುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಮುಖ್ಯವಾಗಿ ಜಠರದಲ್ಲಿ ಉತ್ಪತ್ತಿಯಾಗುತ್ತದೆ. ದೇಹದಲ್ಲಿ ಸಾಕಷ್ಟು ಶಕ್ತಿಯ ಸಂಗ್ರಹವಿದೆಯೆಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ಎಂಬ ಹಾರ್ಮೋನು ಕೊಬ್ಬಿನ ಕೋಶಗಳಿಂದ ಬರುತ್ತದೆ. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 12 ಮಂದಿ ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ತಲಾ 4 ಗಂಟೆ ಮಾತ್ರ ಮಲಗಿಸಿ, ಅದನ್ನು 10 ಗಂಟೆ ಮಲಗಿದ ರಾತ್ರಿಗಳೊಂದಿಗೆ ಹೋಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೆಪ್ಟಿನ್ ಶೇ 18ರಷ್ಟು ತಗ್ಗಿ, ಗ್ರೆಲಿನ್ ಶೇ 28ರಷ್ಟು ಏರಿ, ಹಸಿವು ಶೇ 24ರಷ್ಟು ಹೆಚ್ಚಿತ್ತು. ಹನ್ನೆರಡು ಮಂದಿ ಎಂಬುದು ಸಣ್ಣ ಸಂಖ್ಯೆ. ಹಾರ್ಮೋನುಗಳ ಇದೇ ಏರಿಳಿತ ನಂತರದ ಎಲ್ಲ ಅಧ್ಯಯನಗಳಲ್ಲಿ ಕಂಡಿಲ್ಲ. ಆದರೆ ನಿದ್ದೆಗೆಟ್ಟವರು ಹೆಚ್ಚು ತಿನ್ನುತ್ತಾರೆಂಬುದು ಮತ್ತೆ ಮತ್ತೆ ಕಂಡುಬಂದಿದೆ.

ತಮ್ಮನಿಗೆ ಮುಖ್ಯವಾಗಿ ಹೇಳಬೇಕಾದದ್ದು 2010ರ ಇನ್ನೊಂದು ಅಧ್ಯಯನದ ವಿಷಯ. ಅದರಲ್ಲಿ ಹೆಚ್ಚು ತೂಕವಿದ್ದ 10 ಮಂದಿ ಕಡಿಮೆ ಕ್ಯಾಲೊರಿಯ ಆಹಾರ ತೆಗೆದುಕೊಳ್ಳುತ್ತ, 14 ದಿನ ರಾತ್ರಿ ಎಂಟೂವರೆ ಗಂಟೆಯೂ ಇನ್ನು 14 ದಿನ ಐದೂವರೆ ಗಂಟೆಯೂ ಮಲಗಿದರು. ಎರಡೂ ಅವಧಿಗಳಲ್ಲಿ ಇಳಿದ ತೂಕ ಹೆಚ್ಚುಕಡಿಮೆ ಒಂದೇ, ಸುಮಾರು 3 ಕಿಲೊ. ಆದರೆ ಹೆಚ್ಚು ಮಲಗಿದಾಗ ಕರಗಿದ ಕೊಬ್ಬು 1.4 ಕಿಲೊ, ಕಡಿಮೆ ಮಲಗಿದಾಗ 0.6 ಕಿಲೊ ಮಾತ್ರ. ಇಳಿದ ತೂಕದಲ್ಲಿ ಮಿಕ್ಕದ್ದು ಸ್ನಾಯು ಮೊದಲಾದ ಕೊಬ್ಬೇತರ ಭಾಗ. ತೂಕದ ಯಂತ್ರ ಈ ವ್ಯತ್ಯಾಸವನ್ನು ತೋರಿಸುವುದೇ ಇಲ್ಲ ಎಂಬುದು ನನ್ನನ್ನು ಬಹಳವಾಗಿ ಕಾಡುತ್ತದೆ.

ವ್ಯಾಯಾಮದ ಬಗ್ಗೆ ಅವನ ನಂಬಿಕೆ ತಪ್ಪಲ್ಲ. ಬಿರುಸಾಗಿ ಓಡಿದ ಮೇಲೆ ಸಕ್ರಿಯ ಗ್ರೆಲಿನ್ ಸ್ವಲ್ಪ ಹೊತ್ತು ತಗ್ಗಿ ಹಸಿವು ಅಡಗುತ್ತದೆ. ವ್ಯಾಯಾಮವೊಂದರಿಂದಲೇ ಇಳಿಯುವ ತೂಕ ಸಾಮಾನ್ಯವಾಗಿ ಅಲ್ಪವಾದರೂ, ಊಟ ಕಡಿಮೆ ಮಾಡಿದವರ ಸ್ನಾಯುವನ್ನು ಉಳಿಸಲು ಅದು, ಅದರಲ್ಲೂ ಭಾರ ಎತ್ತುವ ಬಗೆಯದು, ನೆರವಾಗುತ್ತದೆ. ಹಾಗಿರುವಾಗ ಸ್ನಾಯುವನ್ನೇ ಸವೆಸುವ ನಿದ್ದೆಗೇಡಿನ ಬೆಲೆ ತೆತ್ತು ವ್ಯಾಯಾಮ ಮಾಡುವುದು ನನಗೆ ಸರಿಯೆನಿಸುವುದಿಲ್ಲ.

2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ, ಹೆಚ್ಚು ತೂಕದ 80 ಮಂದಿ ವಯಸ್ಕರಲ್ಲಿ ಅರ್ಧದಷ್ಟು ಜನರ ನಿದ್ದೆಯನ್ನು ಸುಮಾರು 1.2 ಗಂಟೆ ಹೆಚ್ಚಿಸಿದಾಗ, ಆಹಾರದ ಬಗ್ಗೆ ಏನನ್ನೂ ಹೇಳದಿದ್ದರೂ, ಅವರು ನಿದ್ದೆ ಹೆಚ್ಚಿಸದ ಗುಂಪಿಗಿಂತ ದಿನಕ್ಕೆ ಸುಮಾರು 270 ಕಿಲೊಕ್ಯಾಲೊರಿ ಕಡಿಮೆ ಸೇವಿಸಿದರು. ಸಂಜೆ ಓಡಲು ಸಾಧ್ಯವೇ ಎಂದು ತಮ್ಮನನ್ನು ಮೊದಲು ಕೇಳುತ್ತೇನೆ. ಬೆಳಗಿನ ಹೊತ್ತೇ ಬೇಕೆಂದರೆ, ರಾತ್ರಿ ಒಂದೂವರೆ ಗಂಟೆ ಮುಂಚೆ ಮಲಗಲಿ.