ಸಾಸಿವೆಯ ಭೇದಿ ಕೊನೆಗೂ ನಿಂತಿತು

ಇಂದು ಬೆಳಿಗ್ಗೆ ಟ್ರೇಯಲ್ಲಿ ಗಟ್ಟಿ ಕಕ್ಕ! ಬೀದಿಯ ಬೆಕ್ಕಿನ ಮರಿಗಳನ್ನು ತಂದು ಸಾಕಿದವರಿಗೆ ಈ ಸಂತೋಷವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತ್ಯೇಕ ಕೋಣೆ, ಬಿಸಿನೀರಿನ ಬಾಟಲಿ, ಚಿಗಟದ ಬಾಚಣಿಗೆ, ಜಂತುಹುಳುವಿನ ಔಷಧ, ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ತೂಕ, ಇವೆಲ್ಲ ನಿಮಗೂ ರೂಢಿಯ ಕೆಲಸಗಳೇ. ನೇರವಾಗಿ ಭೇದಿಗೆ ಬರುತ್ತೇನೆ.

ನಮ್ಮ ಮರಿ ಸಾಸಿವೆ ಚೆನ್ನಾಗಿ ತಿನ್ನುತ್ತಿದ್ದಳು, ಪರದೆ ಹತ್ತುತ್ತಿದ್ದಳು. ಆದರೆ ವಾರಕ್ಕೆ ಸುಮಾರು 100 ಗ್ರಾಂ ಏರಬೇಕಾದ ತೂಕ ಮಾತ್ರ ಕದಲಲಿಲ್ಲ. ಲೋಳೆಯಂಥ ಮಲ, ನಡುವೆ ರಕ್ತದ ಗೆರೆ, ಮೂಗು ಮುಚ್ಚಿಸುವ ನಾತ. ಹಸುವಿನ ಹಾಲಿನಿಂದ ಆದ ಭೇದಿಯಲ್ಲ, ಅದು ನಮ್ಮಲ್ಲಿ ಮೊದಲೇ ನಿಷಿದ್ಧ. ಮರಿಗಳ ಜೀವ ತೆಗೆಯುವ ವೈರಸ್ ರೋಗ ಪ್ಯಾನ್‌ಲ್ಯುಕೋಪೀನಿಯಾ ಇರಬಹುದೆಂಬ ಭಯಕ್ಕೆ ವೈದ್ಯರು ಮೊದಲು ಅದರ ಪರೀಕ್ಷೆಯನ್ನೇ ಮಾಡಿದರು. ಇಲ್ಲವೆಂದು ಬಂತು, ಜೀವ ಬಂದಂತಾಯಿತು. ಮಲಪರೀಕ್ಷೆಯಲ್ಲೂ ಏನೂ ಕಾಣಲಿಲ್ಲ.

ಭೇದಿ ನಿಲ್ಲದಾಗ ಕೊಳದ ನೀರು ನೋಡಲು ಕೊಂಡಿದ್ದ ಹಳೆಯ ಸೂಕ್ಷ್ಮದರ್ಶಕವನ್ನು ಹೊರತೆಗೆದೆ. ಉಪ್ಪು ಇನ್ನು ಕರಗದು ಎನ್ನುವಷ್ಟು ಬೆರೆಸಿದ ನೀರಿನಲ್ಲಿ ಮಲ ಕದಡಿ, ಸೋಸಿ, ಕೊಳವೆಯ ಬಾಯಿವರೆಗೆ ತುಂಬಿ, ಮೇಲೆ ಗಾಜಿನ ತುಣುಕಿಟ್ಟು ಕಾಲು ಗಂಟೆ ಕಾದೆ. ಕಣಗಳ ಗದ್ದಲದ ನಡುವೆ ಒಂದು ಸ್ವಚ್ಛವಾದ ಅಂಡಾಕಾರ, ತೆಳ್ಳನೆಯ ಹೊಳೆಯುವ ಗೋಡೆ, ಒಳಗೆ ಒಂದೇ ಒಂದು ದುಂಡನೆಯ ಉಂಡೆ. ಪಕ್ಕದಲ್ಲಿ ಇನ್ನೊಂದು. ಕಾಕ್ಸಿಡಿಯಾ, ಕರುಳಿನಲ್ಲಿ ಬೆಳೆಯುವ ಏಕಕೋಶ ಪರಾವಲಂಬಿ! ಮೊಬೈಲಿನಲ್ಲಿ ಚಿತ್ರ ತೆಗೆದು ಕಳಿಸಿದೆ, ವೈದ್ಯರೂ ಅದನ್ನೇ ಖಚಿತಪಡಿಸಿದರು. ಇವು ಪ್ರತಿ ಸಲದ ಮಲದಲ್ಲೂ ಬೀಳುವುದಿಲ್ಲ. ಸೋಂಕು ತಗುಲಿದ ಮೊದಲ ದಿನಗಳಲ್ಲಿ ಭೇದಿ ಇದ್ದರೂ ಇವು ಕಾಣಿಸದೆ ಇರಬಹುದು. ಒಂದು ಪರೀಕ್ಷೆಯಲ್ಲಿ ಇಲ್ಲವೆಂದು ಬಂದರೆ ಇಲ್ಲವೇ ಇಲ್ಲ ಎಂದರ್ಥವಲ್ಲ. ಜಂತುಹುಳುವಿನ ಸಾಮಾನ್ಯ ಔಷಧಕ್ಕೆ ಇವು ಜಗ್ಗುವುದೂ ಇಲ್ಲ.

ವೈದ್ಯರು ಸಲ್ಫಾ ಸಿರಪ್ ಕೊಟ್ಟರು. ಇಳಿಯಿತು. ನಿಲ್ಲಿಸಿದೊಡನೆ ಮತ್ತೆ ಶುರು! ಆಗ ಗಮನ ಟ್ರೇಯ ಮೇಲೆ ಹೋಯಿತು. ಮಲದೊಂದಿಗೆ ಹೊರಬಿದ್ದ ಊಸಿಸ್ಟ್ (ನಾನು ಕಂಡ ಆ ಮೊಟ್ಟೆಯಂಥ ಅಂಡಾಕಾರ) ತಕ್ಷಣ ಸೋಂಕು ತರುವುದಿಲ್ಲ. ತೇವ, ಬೆಚ್ಚನೆಯ ಹವೆ ಸಿಕ್ಕರೆ ಒಂದೆರಡು ದಿನಗಳಲ್ಲಿ ಬಲಿಯುತ್ತದೆ, ಆಮೇಲೆ ಮರಿ ಪಾದ ನೆಕ್ಕಿಕೊಂಡರೆ ಸಾಕು. ಬ್ಲೀಚಿಂಗ್ ಪೌಡರ್ ಇದನ್ನು ಮುಟ್ಟಲಾರದು. ಫಿನಾಯಿಲ್ ಅಂತೂ ಬೆಕ್ಕಿಗೇ ವಿಷ, ದಯವಿಟ್ಟು ಮರಿಯ ಕೋಣೆಯಲ್ಲಿ ಬೇಡ. ಇದನ್ನು ಕೊಲ್ಲುವುದು ಕುದಿಯುವ ನೀರು ಮತ್ತು ಹಬೆ. ಗೀರು ಬಿದ್ದ ಪ್ಲಾಸ್ಟಿಕ್ ಟ್ರೇ ಹೋಯಿತು, ಪಾತ್ರೆ ಅಂಗಡಿಯ ಸ್ಟೀಲ್ ತಟ್ಟೆ ಬಂತು. ಮಲ ಬಿದ್ದಾಗಲೆಲ್ಲ ತೆಗೆದು, ದಿನವೂ ತಟ್ಟೆಗೆ ಮರಳುವ ನೀರು ಸುರಿದು ಒಣಗಿಸುತ್ತೇನೆ. ಹಾಸಿಗೆಯ ಬಟ್ಟೆಯೂ ಕುದಿಯುತ್ತದೆ. ಬಾಲದ ಕೆಳಗೆ ಒದ್ದೆ ಬಟ್ಟೆಯಿಂದ ಒರೆಸುವುದನ್ನು ಮಾತ್ರ ಸಾಸಿವೆ ಈಗಲೂ ಘೋರ ಅವಮಾನವೆಂದು ಭಾವಿಸಿ ಕಿರುಚುತ್ತಾಳೆ.

ಎರಡನೆಯ ಸುತ್ತಿಗೆ ವೈದ್ಯರು ಕಾಕ್ಸಿಡಿಯಾ ಕೊಲ್ಲುವ ಟಾಲ್ಟ್ರಾಝುರಿಲ್ ಬರೆದರು. ಅಂಗಡಿಯಲ್ಲಿ ಸಿಕ್ಕಿದ್ದು ಕೋಳಿ ಫಾರಂಗಳಿಗೆಂದು ಬರುವ ಲೀಟರ್ ಬಾಟಲಿ. ನಮಗೆ ಬೇಕಾದದ್ದು ಹನಿಗಳು! ಕೊನೆಗೆ ವೈದ್ಯರೇ ತಮ್ಮಲ್ಲಿದ್ದುದರಿಂದ ತೂಕಕ್ಕೆ ತಕ್ಕಂತೆ ಅಳೆದು ಕೊಟ್ಟರು. ಈ ಪ್ರಮಾಣ ಅವರ ಕೈಯಲ್ಲೇ ಇರಲಿ, ಅಂದಾಜಿನಲ್ಲಿ ಕೊಡುವ ಔಷಧವಲ್ಲ. ಟ್ರೇಯಲ್ಲಿ ಹಾಸುವ ಮರದ ಉಂಡೆಗಳ ಲಿಟರ್ ಕೇಳಿದರೆ ನೀರು ತಾಗಿದೊಡನೆ ಗಟ್ಟಿಯಾಗುವ ಜೇಡಿ ಕಳಿಸಿದ ಮಾರಾಟಗಾರರ ಮೇಲೆ ನನ್ನ ಕೋಪ ಇನ್ನೂ ಆರಿಲ್ಲ. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮರಿಯ ಹೊಟ್ಟೆಯಲ್ಲಿ ಅದು ಕಟ್ಟಿಕೊಂಡರೆ ಗತಿಯೇನು?

ಬೆಕ್ಕಿನ ಈ ಕಾಕ್ಸಿಡಿಯಾ ಮನುಷ್ಯರಿಗೆ ಅಂಟುವುದಿಲ್ಲ. ಆದರೆ ಬೆಕ್ಕಿನ ಮಲದಲ್ಲಿ ಬರುವ ಇನ್ನೊಂದು ಪರಾವಲಂಬಿ ಟಾಕ್ಸೋಪ್ಲಾಸ್ಮಾ ಅಂಟಬಲ್ಲದು. ಅದಕ್ಕೂ ಬಲಿಯಲು ಒಂದರಿಂದ ಐದು ದಿನ ಬೇಕು, ಹಾಗಾಗಿ ದಿನವೂ ಟ್ರೇ ಬಳಿಯುವುದು ಅಲ್ಲೂ ಉಪಯೋಗಕ್ಕೆ ಬರುತ್ತದೆ. ಮನೆಯಲ್ಲಿ ಬಸುರಿಯರಿದ್ದರೆ ಈ ಕೆಲಸ ಬೇರೆಯವರದಾಗಲಿ.

ಮುಂದಿನ ಯೋಜನೆ ಹುಳುಕಡ್ಡಿ ನೋಡಲು ವುಡ್ಸ್ ದೀಪ, ಅಂದರೆ ನೇರಳಾತೀತ ಬೆಳಕಿನ ದೀಪ. ಹುಳುಕಡ್ಡಿ ತರುವ ಶಿಲೀಂಧ್ರ ಮೈಕ್ರೋಸ್ಪೋರಮ್ ಕ್ಯಾನಿಸ್ ತಗುಲಿದ ರೋಮ ಆ ಬೆಳಕಿನಲ್ಲಿ ಸೇಬಿನ ಹಸಿರಾಗಿ ಹೊಳೆಯುತ್ತದೆ, ಎಲ್ಲ ಸಲವೂ ಅಲ್ಲ. ಅಗ್ಗದ ನೇರಳೆ ಟಾರ್ಚುಗಳಲ್ಲಿ ಧೂಳೂ ಹೊಳೆಯುವುದರಿಂದ 365 ನ್ಯಾನೋಮೀಟರ್ ತರಂಗಾಂತರದ್ದನ್ನೇ ಹುಡುಕುತ್ತಿದ್ದೇನೆ. ಯಾರ ಬಳಿಯಾದರೂ ಒಳ್ಳೆಯದಿದ್ದರೆ ತಿಳಿಸಿ.

ಸಾಸಿವೆಯ ತೂಕ ಈಗ ಏರುತ್ತಿದೆ. ಇನ್ನೊಂದು ಮಲಪರೀಕ್ಷೆ ಆಗಬೇಕು. ಅದು ಸರಿಬಂದರೆ ಮೊದಲ ಲಸಿಕೆ ಹಾಕುತ್ತೇವೆ ಎಂದಿದ್ದಾರೆ ವೈದ್ಯರು.